ಮೀಸೆ ಮೀನಿಗೂ ಒಂದೇ ಪಂಕ್ತಿ

ಕೊಟ್ಟೂರಿನ ಕೊಟ್ರಮ್ಮನ ಮನೆಗೆ ಮೀನು ಬಂದ ಸುದ್ದಿ ಓಣಿಯ ತುದಿ ಮುಟ್ಟಲು ಒಂದು ತಂಬಿಗೆ ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಹಣೆತುಂಬ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಯದೆ ಹನಿ ನೀರೂ ಬಾಯಿಗೆ ಬಿಡದ ಹೆಣ್ಣುಮಗಳ ಪಡಸಾಲೆಯಲ್ಲಿ ಮೀನು! ಎದುರುಮನೆಯ ನಾಗಕ್ಕ ಕೈಯಲ್ಲಿದ್ದ ಮೊರವನ್ನು ಕೆಳಗಿಡುವುದನ್ನೂ ಮರೆತು ಹಾಗೇ ಓಡಿ ಬಂದಳು.

“ಅಕ್ಕಾ, ನಿನ್ನ ಮನ್ಯಾಗ ಮೀನಂತ? ಖರೇನಾ?”

“ತಿನ್ನಾಕಲ್ಲಲೇ ನಾಗೀ, ತಿನ್ನಿಸಾಕ!” ಎಂದಳು ಕೊಟ್ರಮ್ಮ. (ಆ ಮಾತು ಹೊಳೆದದ್ದು ಆಗಷ್ಟೇ. ಅಲ್ಲಿಯವರೆಗೆ ಅವುಗಳನ್ನು ತಂದ ಮಗನ ಏಳು ತಲೆಮಾರನ್ನು ಎತ್ತಾಡುತ್ತಿದ್ದಳು. ಅದರಲ್ಲಿ ತಾನೂ ಸೇರಿದ್ದೇನೆಂಬುದು ನೆನಪಾಗಿ ಸುಮ್ಮನಾಗಿದ್ದಳು.)

ಮಗ ಗುರುಬಸವರಾಜನದು ಬೀಜ-ಗೊಬ್ಬರದ ಅಂಗಡಿ. ಅವನಿಗೆ ಬಿ.ಪಿ. ಇತ್ತು. ಗಾಜಿನ ತೊಟ್ಟಿಯಲ್ಲಿ ಮೀನು ಆಡುವುದನ್ನು ನೋಡುತ್ತ ಕೂತರೆ ಬಿ.ಪಿ. ಇಳಿಯುತ್ತದೆಂದು ಯಾರೋ ಗಿರಾಕಿ ಹೇಳಿದ್ದನ್ನು ನಂಬಿ, ದಾವಣಗೆರೆಯಿಂದ ಆ ತೊಟ್ಟಿಯನ್ನು ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಬಸ್ಸು ಹರಪನಹಳ್ಳಿ ದಾಟುವಷ್ಟರಲ್ಲಿ ಬಿ.ಪಿ. ಇನ್ನಷ್ಟು ಏರಿತ್ತು, ಅದು ಬೇರೆ ಮಾತು.

ತೊಟ್ಟಿಯಲ್ಲಿ ಮೇಲೆ ಓಡಾಡುವ ಕೆಂಪು ಮೀನುಗಳಿದ್ದವು, ಬಾಲ ಬೀಸುವ ಬಣ್ಣದ ಮೀನುಗಳಿದ್ದವು. ಕೆಳಗೆ ಮರಳಿನ ಮೇಲೆ ಬೂದು ಮೈಯ, ಚುಕ್ಕೆ ಚುಕ್ಕೆಯ ಪುಟ್ಟ ಮೀನುಗಳು ಮೂರೋ ನಾಕೋ ಇದ್ದವು. ಬಾಯಿಯ ಎರಡೂ ಕಡೆ ಎಳೆ ಮೀಸೆ. ಯಾರ ತಂಟೆಗೂ ಹೋಗುವವಲ್ಲ. ಒಂದರ ಮಗ್ಗುಲಿಗೊಂದು ಕೂತು, ಮೀಸೆಯಿಂದ ಮರಳು ಕೆದಕುತ್ತ, ಮಠದ ಕಟ್ಟೆಯ ಮೇಲೆ ಕೂತ ಹಿರಿಯರಂತೆ ಕಣ್ಣು ಮಿಟುಕಿಸುತ್ತಿದ್ದವು. ನಾಗಕ್ಕನ ಮುಂದೆ ಏನೇ ಅಂದಿದ್ದರೂ ಮನೆಯೊಳಗೆ ಎರಡು ದಿನ ಬೈದ ಕೊಟ್ರಮ್ಮ ಮೂರನೆಯ ದಿನ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡಳು. ಆಕೆಯ ಸಂಕಟ ಸುರುವಾದದ್ದೇ ಅಲ್ಲಿಂದ.

ಸೊಸೆ ವಾಣಿಶ್ರೀ ಚಿಟಿಕೆ ಕಾಳು ಉದುರಿಸಿದರೆ ಮೇಲಿನ ಮೀನುಗಳು ಮುಕುರಿಬಿದ್ದು ಎಲ್ಲವನ್ನೂ ನುಂಗುತ್ತಿದ್ದವು. ಮೀಸೆಯವರಿಗೆ ಸಿಗುತ್ತಿದ್ದದ್ದು ಬರೀ ಪುಡಿ. ಆಗೊಮ್ಮೆ ಈಗೊಮ್ಮೆ ಅವುಗಳಲ್ಲೊಂದು ಸರ್ರನೆ ಮೇಲೆ ಬಂದು ನೀರಿನಾಚೆ ಬಾಯಿ ಹಾಕಿ, ಒಂದು ಗುಟುಕು ಗಾಳಿ ನುಂಗಿ, ಅಷ್ಟೇ ಬೇಗ ತಳಕ್ಕೆ ಇಳಿಯುತ್ತಿತ್ತು.

“ನೋಡಲೇ ಗುರು, ಉಣ್ಣಾಕ ಐತೇನು ಅಂತ ಕೇಳಾಕ ಬಂತು. ನಾಚಿಕೊಂಡು ಹೊಳ್ಳಿ ಹೋತು,” ಎಂದಳು ಕೊಟ್ರಮ್ಮ, ಸೆರಗಿನಿಂದ ಮೂಗು ಒರೆಸಿಕೊಂಡು.

“ಯವ್ವಾ, ಅದರ ಜಾತಿನೇ ಹಂಗ. ಉಸಿರು ತಗಳಾಕ ಬರ್ತೈತಿ.”

“ನಿನಗೇನು ಗೊತ್ತು? ನೀನು ಹಸಿದಿದ್ದರ ತಾನೆ! ಆ ಅಂಗಡ್ಯಾತಗ ಫೋನ್ ಹಚ್ಚು.”

ಗುರುಬಸವರಾಜ ದಾವಣಗೆರೆಗೆ ಫೋನು ಹಚ್ಚಿದ. ಅಂಗಡಿಯವನು, ಅವು ಮೇಲಿನವು ತಿಂದು ಬಿಟ್ಟದ್ದನ್ನು ತಿಂದು ತೊಟ್ಟಿ ಸ್ವಚ್ಛ ಮಾಡುತ್ತವೆ, ಬೇರೆ ಏನೂ ಹಾಕುವುದು ಬೇಡ ಎಂದ. ಮಗ ಅದನ್ನು ಹಾಗೆಯೇ ತಾಯಿಗೆ ಒಪ್ಪಿಸಿದ. ಒಪ್ಪಿಸಬಾರದಿತ್ತು.

“ಎಂಜಲಾ?” ಕೊಟ್ರಮ್ಮನ ದನಿಗೆ ತೊಟ್ಟಿಯ ನೀರೇ ಅಲುಗಿತು. “ಉಜ್ಜಿನಿ ಮಠದ ದಾಸೋಹದಾಗ ಕೈಯಾರೆ ಬಡಿಸಿದಾಕಿ ನಾನು! ಸ್ವಾಮಿಗೂ ಅದೇ ಸಾಲು, ಕೂಲಿಯಾತಗೂ ಅದೇ ಸಾಲು. ನನ್ನ ಮನ್ಯಾಗ ಕಸ ಹೊಡಿಯೋರಿಗೆ ಎಂಜಲಾ? ಕೊಟ್ರೇಶನ ಆಣಿ, ಅವು ಹೊಟ್ಟಿ ತುಂಬ ಉಣ್ಣೋವರಿಗೂ ನನಗ ನಿದ್ದಿ ಇಲ್ಲ!”

ಅಂದಿನಿಂದ ಮೀಸೆ ಮೀನುಗಳ ಹೊಟ್ಟೆಯೇ ಕೊಟ್ರಮ್ಮನ ಮಾನವಾಯಿತು.

ಮೊದಲ ಉಪಾಯ: ರೊಟ್ಟಿಯನ್ನು ಸಣ್ಣಗೆ ನುರಿದು ಕೈಮುಷ್ಟಿ ತುಂಬ ಹಾಕಿದಳು. ಅಷ್ಟು ಹಾಕಿದರೆ ಮೇಲಿನವಕ್ಕೆ ಸಾಕಾಗಿ ಕೆಳಗಿನವಕ್ಕೂ ಮುಟ್ಟುತ್ತದೆ ಎಂಬುದು ಲೆಕ್ಕ. ಮಾರನೆಯ ದಿನ ತೊಟ್ಟಿಯ ನೀರು ಜೋಳದ ಗಂಜಿಯಾಗಿ, ಅದರೊಳಗೆ ಮೀನುಗಳಿವೆ ಎಂಬುದನ್ನು ನಂಬಿಕೆಯಿಂದಷ್ಟೇ ಒಪ್ಪಬೇಕಾಯಿತು. ಗುರುಬಸವರಾಜ ಬಕೆಟ್ ಹಿಡಿದು ನೀರು ಬದಲಿಸಿದ. ಬಿ.ಪಿ. ಗುಳಿಗೆಯನ್ನು ಅಂದು ಊಟಕ್ಕೆ ಮುಂಚೆಯೇ ನುಂಗಿದ.

ಎರಡನೆಯ ಉಪಾಯ ನಿಜಕ್ಕೂ ಉಪಾಯವೇ. ಹಿತ್ತಲ ಪಪ್ಪಾಯಿಯ ಎಲೆಯ ದಂಟನ್ನು ಕೊಯ್ದಳು. ಒಳಗೆ ಪೊಳ್ಳು, ನೆಟ್ಟಗೆ ಕೊಳವೆಯಂತೆ. ಹಾಲು ಸೋರದಂತೆ ತೊಳೆದು, ಒಂದು ತುದಿ ಮರಳಿಗೆ ತಾಗುವಂತೆ ಇಳಿಬಿಟ್ಟು, ಮೇಲಿನಿಂದ ಬೇಯಿಸಿದ ಬಟಾಣಿಯ ಚೂರುಗಳನ್ನು ಒಂದೊಂದಾಗಿ ಜಾರಿಸಿದಳು. ಚೂರುಗಳು ಮೀಸೆಯವರ ಮುಂದೆಯೇ ಹೋಗಿ ಬಿದ್ದವು! ಆದರೆ ಮೇಲಿನ ಕೆಂಪು ಮೀನುಗಳು ತಲೆ ಕೆಳಗು ಮಾಡಿ ಅಲ್ಲಿಗೂ ಇಳಿದವು.

“ವಾಣೀ, ಬಾರವ್ವಾ! ನೀನು ಮ್ಯಾಲ ಹಾಕು, ನಾನು ಕೆಳಗ ಹಾಕ್ತೀನಿ. ಇಬ್ಬರೂ ಒಂದೇ ಗಳಿಗ್ಯಾಗ!”

“ಅತ್ತೀ, ಹಂಚಿನ ಮ್ಯಾಲ ರೊಟ್ಟಿ ಐತ್ರಿ.”

“ರೊಟ್ಟಿ ಎಲ್ಲಿಗೂ ಓಡಿ ಹೋಗಂಗಿಲ್ಲ, ಬಾ!”

ಅತ್ತೆ ದಂಟು ಹಿಡಿದು “ಹೂಂ” ಎಂದರೆ, ಸೊಸೆ ಮೇಲೆ ಕಾಳು ಉದುರಿಸುವುದು. ಮೇಲಿನವು ಮೇಲೆ, ಕೆಳಗಿನವು ಕೆಳಗೆ, ಏಕಕಾಲಕ್ಕೆ ಭೋಜನ. ಮೀಸೆ ಮೀನುಗಳು ಬಟಾಣಿಗೆ ಮೂಗು ಹಚ್ಚಿ, ಬಾಲ ಎತ್ತಿ, ಮರಳು ಹಾರಿಸಿ ಉಣ್ಣುವುದನ್ನು ಕಂಡು ಕೊಟ್ರಮ್ಮನಿಗೆ ಮನೆಯಲ್ಲಿ ತೊಟ್ಟಿಲು ಕಟ್ಟಿದಷ್ಟು ಹಿಗ್ಗು. ಈ ಮಹಾಪ್ರಸಾದ ವಿನಿಯೋಗ ನೋಡಲು ನಾಗಕ್ಕ ದಿನಾ ಸಂಜೆ ಹಾಜರಾಗತೊಡಗಿದಳು.

ಆದರೆ ಅದು ಮಗನ ಊಟದ ಹೊತ್ತೂ ಆಗಿತ್ತು. ಗುರುಬಸವರಾಜ ಮತ್ತು ಕೊಟ್ರಮ್ಮ ಗಂಗಾಳದ ಮುಂದೆ ಕೂರಬೇಕು, ವಾಣಿಶ್ರೀ ಒಲೆಯ ಮುಂದೆ ನಿಂತು ಬಿಸಿಬಿಸಿ ರೊಟ್ಟಿ ಬಡಿದು ಗಂಗಾಳಕ್ಕೆ ಹಾಕಬೇಕು, ಇಬ್ಬರೂ ಕೈ ತೊಳೆದ ಮೇಲೆ ಉಳಿದದ್ದನ್ನು ಆಕೆ ಉಣ್ಣಬೇಕು. ಆ ಮನೆಯಲ್ಲಿ ಮೊದಲಿನಿಂದ ನಡೆದುಕೊಂಡು ಬಂದದ್ದು ಹಾಗೆ. ಒಂದು ಸಂಜೆ ವಾಣಿಶ್ರೀ ತೊಟ್ಟಿಯ ಹತ್ತಿರವಿದ್ದಾಗ ಅಡುಗೆಮನೆಯಿಂದ ಕಮರು ವಾಸನೆ ಬಂತು. ಗುರುಬಸವರಾಜ ಇದ್ದಿಲಿನಂಥ ರೊಟ್ಟಿಯೊಂದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಬಂದ.

“ಯವ್ವಾ, ಮೀನಿಗೆ ಬಟಾಣಿ, ನನಗ ಇದಾ? ಅವಕ್ಕ ಬಿದ್ದದ್ದು ತಿಂದು ಬಾಳಾಕ ಗೊತ್ತೈತಿ, ಬಿಡಬೇ ಸಾಕು!”

ನಾಗಕ್ಕ ನೋಡುತ್ತಿದ್ದಾಳೆ. ಕೊಟ್ರಮ್ಮ ದಂಟನ್ನು ರಾಜದಂಡದ ಹಾಗೆ ನೆಟ್ಟಗೆ ಹಿಡಿದಳು.

“ಕೇಳು ಗುರು. ಈ ಮನ್ಯಾಗ ಇನ್ನ ಮ್ಯಾಲೆ ಯಾರಿಗೂ ಉಳಿದದ್ದು ಉಣಿಸಂಗಿಲ್ಲ. ಎಲ್ಲರಿಗೂ ಒಂದೇ ಪಂಕ್ತಿ. ಎಲ್ಲರೂ ಕೂಡಿ ಕುಂದರಬೇಕು, ಎಲ್ಲರದೂ ಮುಗಿದ ಮ್ಯಾಲೆ ಕೂಡಿ ಏಳಬೇಕು!”

“ಯಾರಿಗೂ ಅಂದ್ರ, ಯಾರಿಗೂನಾ ಅತ್ತಿ?” ಎಂದಳು ವಾಣಿಶ್ರೀ ಮೆಲ್ಲಗೆ.

“ಯಾರಿಗೂ ಅಂದ್ರ ಯಾರಿಗೂ!”

ವಾಣಿಶ್ರೀ ಒಳಗೆ ಹೋದಳು. ಒಲೆ ಆರಿಸಿದ ಸದ್ದಾಯಿತು. ಆಮೇಲೆ ಗಂಗಾಳದ ಸದ್ದು. ಎಲ್ಲರೂ ನೋಡುತ್ತಿದ್ದಂತೆ ಆಕೆ ಗಂಡ ಮತ್ತು ಅತ್ತೆಯ ಗಂಗಾಳಗಳ ಪಕ್ಕಕ್ಕೆ ಮೂರನೆಯದೊಂದನ್ನು ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

“ಮತ್ತ... ರೊಟ್ಟಿ ಬಡಿಯೋರು?” ಎಂದಳು ಕೊಟ್ರಮ್ಮ, ದಂಟು ಸ್ವಲ್ಪ ಬಾಗಿತು.

“ನಾಳಿಂದ ಮುಂಜಾನಿನೇ ಬಡಿದು ಇಟ್ಟುಬಿಡ್ತೀನ್ರಿ. ಅಂದ್ರ ಕೂಡಿ ಉಣ್ಣಾಕ ಬರ್ತೈತಿ.”

“ಆಹಾ, ಕೊಟ್ರಮ್ಮಕ್ಕ ಅಂದ್ರ ಕೊಟ್ರಮ್ಮಕ್ಕ! ಓಣ್ಯಾಗ ಯಾವ ಅತ್ತಿ ಹಿಂಗ ಅಂದಾಳ ಹೇಳು!” ಎಂದು ನಾಗಕ್ಕ ಗಲ್ಲಕ್ಕೆ ಕೈ ಹಚ್ಚಿಕೊಂಡು ಎದ್ದು ಹೋದಳು, ನೇರ ಮನೆಗಲ್ಲ, ಓಣಿಯ ಆ ತುದಿಗೆ. ಇನ್ನು ಮಾತು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಕೊಟ್ರಮ್ಮನಿಗೆ ಉಳಿಯಲಿಲ್ಲ.

ಮಾರನೆಯ ಮಧ್ಯಾಹ್ನ ಮೂರು ಗಂಗಾಳ ಒಂದೇ ಸಾಲಿನಲ್ಲಿ. ವಾಣಿಶ್ರೀ ಬೆಳಿಗ್ಗೆಯೇ ಬಡಿದು ಒಣಗಿಸಿದ್ದ ಕಡಕ್ ರೊಟ್ಟಿಗಳು ಬಿದಿರಿನ ಪುಟ್ಟಿಯಲ್ಲಿ ಹಪ್ಪಳದಂತೆ ಎದ್ದು ನಿಂತಿದ್ದವು. ಗುರುಬಸವರಾಜ ಕಟುಂ ಕಟುಂ ಎಂದು ಮುರಿದು ಶೇಂಗಾ ಚಟ್ನಿಗೆ ಅದ್ದಿ ತಿಂದ. ವಾಣಿಶ್ರೀಯಂತೂ ಹೊಸ ಮದುಮಗಳಂತೆ ಆರಾಮಾಗಿ ಕೂತು, ಮೊಸರು ಬಡಿಸಿಕೊಂಡು, ಪುಂಡಿಪಲ್ಲೆಯನ್ನು ಎರಡೆರಡು ಸಲ ಹಾಕಿಕೊಂಡಳು.

ಕೊಟ್ರಮ್ಮನ ಬಾಯಲ್ಲಿ ಉಳಿದಿದ್ದ ಹಲ್ಲುಗಳೋ, ಒಂದಕ್ಕೊಂದು ಭೇಟಿಯಾಗದಷ್ಟು ದೂರ ದೂರ. ಒಂದು ಚೂರು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿದಳು, ಎಡಗಡೆ ಅಗಿದಳು, ಬಲಗಡೆಗೆ ಸಾಗಿಸಿದಳು. ಮಿಕ್ಕವರದು ಮುಗಿಯಿತು. ಆಕೆಯದು ಕಾಲು ಭಾಗ ಆಗಿತ್ತು. ಅಂಗಡಿಯ ಫೋನು ಬಡಿದುಕೊಳ್ಳುತ್ತಿತ್ತು. ಬಿತ್ತನೆಯ ಕಾಲ, ಬೀಜಕ್ಕೆ ಜನ ಕಾದಿದ್ದರು. ಗುರುಬಸವರಾಜ ಏಳಲು ಮೊಣಕಾಲು ಊರಿದ.

“ಕುಂದರ್ರಿ,” ಎಂದಳು ವಾಣಿಶ್ರೀ. “ಪಂಕ್ತಿ ಬಿಟ್ಟು ಏಳಬಾರದು. ಅತ್ತಿದು ಇನ್ನಾ ಐತಿ.”

ಅವನು ಕೂತ. ಒಣಗಿದ ಕೈಯನ್ನು ಗಂಗಾಳದ ಮೇಲೆ ಹಿಡಿದುಕೊಂಡು ತಾಯಿಯ ದವಡೆಯನ್ನೇ ನೋಡತೊಡಗಿದ.

ಕೊಟ್ರಮ್ಮನಿಗೆ ಒಂದು ಮಾತು ಹೇಳಬೇಕಿತ್ತು: ನಾಳೆಯಿಂದ ರೊಟ್ಟಿಯನ್ನು ನಾನೇ ಬಡಿಯುತ್ತೇನೆ, ಮೆತ್ತಗೆ, ಬಿಸಿಯಾಗಿ, ಎಲ್ಲರಿಗೂ, ನೀವು ಕೂತು ಉಣ್ಣಿರಿ, ಕೊನೆಗೆ ನಾನು ಉಂಡರೂ ಚಿಂತೆಯಿಲ್ಲ. ಆದರೆ ಬಾಯಿತುಂಬ ರೊಟ್ಟಿ. ಆ ಮನೆಗೆ ಬಂದಾಗಿನಿಂದ ಮೊದಲ ಬಾರಿಗೆ ಆಕೆಯ ಮಾತು ಹೊರಗೆ ಬರಲಿಲ್ಲ. ಅಂಗೈಗೆ ಅಂಗೈ ತಟ್ಟಿ, ರೊಟ್ಟಿ ಬಡಿಯುವ ಹಾಗೆ ಅಭಿನಯಿಸಿ, ಒಲೆಯ ಕಡೆಗೆ ಕೈ ತೋರಿಸಿದಳು.

ವಾಣಿಶ್ರೀ ಅತ್ತೆಯನ್ನು ಪ್ರೀತಿಯಿಂದ ನೋಡಿದಳು. ತುಟಿಯ ಅಂಚಿನಲ್ಲಿ ನಗು ಬಂದು ಅಡಗಿತು.

“ಅಯ್ಯ, ರೊಟ್ಟಿ ಸಾಲವಲ್ದಂತ್ರಿ ಅತ್ತಿಯವರಿಗೆ!” ಎಂದು ಪುಟ್ಟಿಗೆ ಕೈ ಹಾಕಿ, ಎಲ್ಲಕ್ಕಿಂತ ಅಗಲದ್ದೊಂದನ್ನು ಆರಿಸಿ, ಆಕೆಯ ಗಂಗಾಳಕ್ಕೆ ಖಟ್ಟೆಂದು ಹಾಕಿದಳು.