ಮಿಕ್ಕ ಅರ್ಧ ಮೀಟರ್

ಹೆಂಡತಿ: ಮತ್ತೆ ತಪ್ಪು! ಸಮೀಕರಣದ ಎಡಗಡೆ ಎರಡು ಆಕ್ಸಿಜನ್ ಪರಮಾಣು ಇತ್ತು. ಬಲಗಡೆ ನೀರಲ್ಲಿ ಒಂದೇ ಇದೆ. ಇನ್ನೊಂದು ಎಲ್ಲಿ ಹೋಯ್ತು?

ದರ್ಜಿ: ಉಳೀತು. ಉಳಿದ್ರೆ ಉಳೀಲಿ ಬಿಡೆ, ಯಾವುದಕ್ಕಾದ್ರೂ ಆಗುತ್ತೆ.

ಹೆಂಡತಿ: ಇದೇನು ನಿಮ್ಮ ಕತ್ತರಿ ಕೆಲಸಾನಾ? ಇಲ್ಲಿ ಒಂದು ಚೂರೂ ಕಳೆದುಹೋಗೋ ಹಾಗಿಲ್ಲ. ಎಡಗಡೆ ಎಷ್ಟೋ ಬಲಗಡೆ ಅಷ್ಟೇ.

ಮರುದಿನ ಬೆಳಿಗ್ಗೆ ದರ್ಜಿಗೆ ಹತ್ತನೇ ತರಗತಿಯ ವಿಜ್ಞಾನ ಪರೀಕ್ಷೆ. ಉಳಿದ ವಿಷಯಗಳಲ್ಲಿ ಹೇಗೋ ದಡ ಸೇರಿದ್ದ. ಇದೊಂದರಲ್ಲಿ ಎರಡು ಸಲ ಮುಗ್ಗರಿಸಿದ್ದ. ಪಾಸಾದರೆ ತರಬೇತಿ ಶಾಲೆಯಲ್ಲಿ ಹೊಲಿಗೆ ಕಲಿಸುವ ಕೆಲಸ. ಇಪ್ಪತ್ತು ವರ್ಷ ಮಿಷನ್ನಿನ ಮೇಲೆ ಬಗ್ಗಿ ಸವೆದ ಬೆನ್ನಿಗೆ ಆ ಕೆಲಸ ಬೇಕೇ ಬೇಕಿತ್ತು. ಹೋದ ವರ್ಷ ಒಂದೇ ಏಟಿಗೆ ಪಾಸಾದ ಹೆಂಡತಿಯೇ ಗುರು, ಅದು ಬೇರೆ ಹೊಟ್ಟೆಯುರಿ.

ಹೆಂಡತಿ: ಸರಿ, ನಿಮ್ಮ ಭಾಷೇಲೇ ಕೇಳ್ತೀನಿ. ಒಂದು ಅಂಗಿಗೆ ಒಂದು ಮೈ, ಎರಡು ತೋಳು. ಐದು ಮೈ, ಎಂಟು ತೋಳು ಕತ್ತರಿಸಿಟ್ಟಿದ್ದೀರಿ. ಎಷ್ಟು ಅಂಗಿ?

ದರ್ಜಿ: ನಾಲ್ಕು. ಐದನೇದಕ್ಕೆ ತೋಳೆಲ್ಲಿದೆ? ಮೈ ಸುಮ್ನೆ ಬಿದ್ದಿರುತ್ತೆ.

ಹೆಂಡತಿ: ನೋಡಿ! ಯಾವುದು ಮೊದಲು ಮುಗಿಯುತ್ತೋ ಅದೇ ಎಷ್ಟಾಗುತ್ತೆ ಅಂತ ತೀರ್ಮಾನಿಸೋದು. ರಸಾಯನಶಾಸ್ತ್ರಾನೂ ಇಷ್ಟೇ.

ದರ್ಜಿ: ಇಷ್ಟೇನಾ? ಮತ್ತೆ ಆ ಪುಸ್ತಕದವ್ರು ಯಾಕೆ ಅಷ್ಟೊಂದು ಹೆದರಿಸ್ತಾರೆ?

ಅಷ್ಟರಲ್ಲಿ ಹೆಡ್‌ಮಾಸ್ಟರು ಹೊಸ ಅಂಗಿ ತೊಟ್ಟು ಬಾಗಿಲಲ್ಲಿ ನಿಂತರು. ಪರೀಕ್ಷೆ ನಡೆಯುವುದು ಅವರ ಶಾಲೆಯಲ್ಲೇ. ಗಿರಾಕಿ ಬಂದರೆ ಧಿಗ್ಗನೆ ಏಳುವ ದರ್ಜಿ ಇವತ್ತು ಕುರ್ಚಿಗೆ ಅಂಟಿಕೊಂಡ.

ಹೆಡ್‌ಮಾಸ್ಟರ್: ಅಂಗಿ ಚೆನ್ನಾಗಿ ಕೂತಿದೆಯಪ್ಪ. ಆದ್ರೆ ನಾನು ಕೊಟ್ಟಿದ್ದು ಮೂರು ಮೀಟರ್. ಎರಡೂವರೆ ಸಾಕು ಅಂತ ನೀನೇ ಹೇಳಿದ್ದೆ. ಮಿಕ್ಕ ಅರ್ಧ ಎಲ್ಲಿ?

ದರ್ಜಿ: ಅದು... ನೀರಲ್ಲಿ ನೆನೆಸಿದಾಗ ಕುಗ್ಗಿತು ಸಾರ್.

ಹೆಂಡತಿ: ಕುಗ್ಗಿದ್ರೆ ತೂಕ ಹೋಗುತ್ತೇನ್ರೀ? ಈಗ ತಾನೇ ಬಾಯಿ ಒಣಗಿಸ್ಕೊಂಡು ಹೇಳಿಕೊಟ್ಟೆ!

ದರ್ಜಿ: (ಹಲ್ಲು ಕಚ್ಚಿ) ಪಾಠ ಆಮೇಲೆ ಕಣೆ.

ಹೆಂಡತಿ: ದೊಡ್ಡವರು ನಿಂತಿದ್ದಾರೆ, ಮೊದಲು ಕುರ್ಚಿ ಬಿಟ್ಟುಕೊಡಿ!

ದರ್ಜಿ: ಕಾಲು ಜೋಮು ಹಿಡಿದಿದೆ.

ಆಕೆ ರಟ್ಟೆ ಹಿಡಿದು ಎಬ್ಬಿಸಿಯೇ ಬಿಟ್ಟಳು. ಕುರ್ಚಿಯ ಮೇಲೆ ಹೆಡ್‌ಮಾಸ್ಟರ ಅಂಗಿಯದೇ ನೀಲಿ ಗೀಟಿನ ದಿಂಬು ದುಂಡಗೆ ಕೂತಿತ್ತು. ದರ್ಜಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತು. ಕೆಲಸವೂ ಹೋಯಿತು, ಮಾನವೂ ಹೋಯಿತು ಎಂದುಕೊಂಡ.

ಹೆಡ್‌ಮಾಸ್ಟರ್: ನಾಳೆ ಪರೀಕ್ಷೆ ಅಲ್ವಾ? ಹೇಳು, ಇದನ್ನ ಹೇಗೆ ಬರೀತೀಯ?

ದರ್ಜಿ: (ತಲೆ ತಗ್ಗಿಸಿ) ಎಡಗಡೆ ಮೂರು ಮೀಟರ್ ಬಟ್ಟೆ. ಬಲಗಡೆ ಒಂದು ಅಂಗಿ, ಒಂದು ದಿಂಬು. ಏನೂ ನಾಶ ಆಗಿಲ್ಲ ಸಾರ್.

ಹೆಡ್‌ಮಾಸ್ಟರು ನಗು ತಡೆದುಕೊಂಡು ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

ಹೆಡ್‌ಮಾಸ್ಟರ್: ಈಗ ಇದು ಯಾವ ಕ್ರಿಯೆ?

ದರ್ಜಿ: ಕುರ್ಚಿ ಬೇರೆ, ದಿಂಬು ಬೇರೆ ಆಯ್ತು. ವಿಭಜನೆ ಸಾರ್.

ಹೆಡ್‌ಮಾಸ್ಟರ್: ಭೇಷ್! ನಾಳೆಯೂ ಹೀಗೇ ಬರಿ, ಪಾಸಾಗ್ತೀಯ.

ಅವರು ಹೋದ ಮೇಲೆ ದರ್ಜಿ ಬರಿಯ ಮರದ ಕುರ್ಚಿಯಲ್ಲಿ ಕೂತು, ಯಾರೂ ಹೇಳದೆಯೇ ಬರೆದ: ಎಡಗಡೆ ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು; ಬಲಗಡೆ ಎರಡು ನೀರಿನ ಅಣು. ಎರಡೂ ಕಡೆ ಸರಿ. ಹೆಂಡತಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಆ ಸಂತೋಷದಲ್ಲೇ ಸುತ್ತ ನೋಡಿದವಳ ಕಣ್ಣು ಕಿಟಕಿಯ ಹತ್ತಿರ ನಿಂತಿತು.

ಹೆಂಡತಿ: ರೀ, ಆ ಹೂವಿನ ಪರದೆ ಯಾರ ಎಡಗಡೆಯಿಂದ ಬಂದಿದ್ದು?

ದರ್ಜಿ: ಅದು ನಾಳೆ ಪರೀಕ್ಷೆಗೆ ಬರಲ್ಲ ಬಿಡೆ!