ತುದಿಗಾಲ ಹುಡುಗಿಯರು ನಮ್ಮೂರಿಗೆ ಬಂದದ್ದು

ಒಳ್ಳೆಯದು ಮಾಡಲು ಹೋಗಿ ಮಂಗಳಾರತಿ ಮಾಡಿಸಿಕೊಳ್ಳುವುದು ಕೆಲವರ ಹಣೆಬರಹ. ನನ್ನ ಹಣೆಯಲ್ಲಿ ಅದನ್ನು ದಪ್ಪ ಅಕ್ಷರದಲ್ಲೇ ಬರೆದಿದ್ದಾರೆ. ಎಂಬತ್ತರ ದಶಕದಲ್ಲಿ ನಾನು ಬಮ್ಮಿಗಟ್ಟಿ ಬಾಜುವಿನ ಒಂದು ಹಳ್ಳಿಯಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಳು. ಧಾರವಾಡದಲ್ಲಿ ಕಾಲೇಜೂ ಹಾಸ್ಟೆಲ್ಲೂ ಸಿಕ್ಕವು, ಸೋಮವಾರದೊಳಗೆ ಸೇರಬೇಕು. ಅವಳಪ್ಪ ಮಾತ್ರ, "ಹಾಸ್ಟೆಲ್ ಹೆಂಗಿರತೈತಿ ಅಂತ ಕಣ್ಣಿಲೆ ನೋಡದ ಕಳಸಂಗಿಲ್ರಿ" ಎಂದು ಪಟ್ಟು ಹಿಡಿದರು.

ಕಣ್ಣಿಲೇ ತೋರಿಸಿದರಾಯಿತು ಎಂದು ಹುಬ್ಬಳ್ಳಿಗೆ ಹೋಗಿ ಬಾಡಿಗೆಗೆ ಬಣ್ಣದ ಟೀವಿ, ವಿಸಿಆರ್ ತಂದೆ. "ಹುಡುಗ್ಯಾರು ಹಾಸ್ಟೆಲ್ದಾಗ ಇದ್ದು ಕಷ್ಟಪಟ್ಟು ಕಲಿಯೂ ಪಿಚ್ಚರ್ ಕೊಡ್ರಿ" ಎಂದು ಕೇಳಿದೆ. ಕ್ಯಾಸೆಟ್ ಅಂಗಡಿಯವನು ಕಣ್ಣುಮುಚ್ಚಿ ಒಂದನ್ನು ಕೊಟ್ಟ, ನಾನು ಕಣ್ಣುಮುಚ್ಚಿ ತಂದೆ.

ಕೌದಿ

ರವಿವಾರ ಮಧ್ಯಾಹ್ನ ಶಾಲೆಯ ದೊಡ್ಡ ಖೋಲಿ ಗಿಚ್ಚಾಗಿ ತುಂಬಿತು. ಅದು ಬ್ಯಾಲೆ ಎಂಬ ವಿಲಾಯತಿ ಕುಣಿತ ಕಲಿಸುವ ಶಾಲೆಯ ಕಥೆ ಎಂದು ನನಗೆ ತಿಳಿಯುವಷ್ಟರಲ್ಲಿ, ಛತ್ರಿಯ ಹಾಗೆ ಬಿಚ್ಚಿಕೊಂಡ ಗೇಣುದ್ದದ ಲಂಗ ತೊಟ್ಟ ಹುಡುಗಿಯರು ಸಾಲಾಗಿ ಬಂದು ಒಂದೊಂದು ಕಾಲನ್ನು ಕಿವಿಯತನಕ ಎತ್ತಿದರು. ಖೋಲಿಯಲ್ಲಿ ಎಲ್ಲರ ಉಸಿರೂ ನಿಂತಿತು. ಎಲ್ಲರಿಗಿಂತ ಮೊದಲು ನಿಂತದ್ದು ನನ್ನದು.

ನನ್ನ ವಿದ್ಯಾರ್ಥಿನಿಯ ಅಜ್ಜಿಯನ್ನು ಊರೆಲ್ಲ ಆಯಿ ಎನ್ನುತ್ತಿತ್ತು. ಆಕೆ ಧಡಕ್ಕನೆ ಎದ್ದು, ತಾನು ಹಾಸಿಕೊಂಡು ಕೂತಿದ್ದ ಹಳೆ ಸೀರೆಗಳ ಕೌದಿಯನ್ನು ಝಾಡಿಸಿ ಟೀವಿಗೆ ಹೊದಿಸಿಬಿಟ್ಟಳು.

"ಆಯೀ, ತಗೀರಿ, ಮಂದಿ ನೋಡಾಕತ್ತಾರ!" ಎಂದೆ.

"ಮಂದಿ ನೋಡಾಕತ್ತಾರಂತನ ಹೊಚ್ಚೇನಿ!"

ಉಸ್ತಾದ್

ತರುಣರ ಗದ್ದಲಕ್ಕೆ ಕೌದಿ ಸರಿಯಿತು. ನಾನು ಟೀವಿ ಪಕ್ಕ ನಿಂತು ಎಲ್ಲವನ್ನೂ ಕನ್ನಡದಲ್ಲಿ ಹೇಳಬೇಕಾಯಿತು. ಪಿಚ್ಚರಿನ ಗುರುಬಾಯಿ ಬೈಯುತ್ತ, ಕೋಲಿನಿಂದ ನೆಲ ಕುಟ್ಟಿ, ಎರಡು ಎಲೆ ಸೊಪ್ಪು ತಿಂದು ಬಂದ ಹುಡುಗಿಯರನ್ನು ತುದಿಗಾಲ ಮೇಲೆ ನಿಲ್ಲಿಸಿದಾಗ ಊರಿನ ಗರಡಿಮನೆಯ ಉಸ್ತಾದರು ತೊಡೆ ತಟ್ಟಿ, "ಇದು ನೋಡ್ರಿ ಖರೇ ತಾಲೀಮು!" ಎಂದರು. ನನಗೆ ಜೀವ ಬಂದಂತಾಯಿತು.

ಆಮೇಲೆ ಒಬ್ಬ ತರುಣ ಓಡಿಬಂದು ಹುಡುಗಿಯೊಬ್ಬಳನ್ನು ತಲೆಯ ಮೇಲೆತ್ತಿ ಹಿಡಿದ. ಉಸ್ತಾದರು ಎದ್ದೇ ನಿಂತರು. "ನೆಲಕ್ಕ ಒಗಿಲೇ! ಒಗಿ!"

ಆತ ಹೂವಿನಂತೆ ಕೆಳಗಿಳಿಸಿದ. ಉಸ್ತಾದರ ಮುಖ ಸಪ್ಪಗಾಯಿತು. "ಅಷ್ಟು ಚಲೋ ಕುಸ್ತಿ ಡಾವು ಬಿದ್ದಿತ್ತು, ಚಿತ್ ಮಾಡದ ಬಿಟ್ನಲ್ರೀ! ಕಲಿಸಿದಾಕಿ ಮರ್ಯಾದಿ ಏನಾತು?"

ಪಾಳಿ

ಪಿಚ್ಚರಿನ ಕುಣಿತದ ಶಾಲೆಯಲ್ಲಿ ಇಬ್ಬರು ಜೀವದ ಗೆಳತಿಯರು. ದೊಡ್ಡ ರಂಗಮಂದಿರಕ್ಕೆ ಆಯ್ಕೆಯಾಗುವುದು ಒಬ್ಬಳೇ. ಒಬ್ಬಳ ಹೆಸರು ಕರೆದರು, ಇನ್ನೊಬ್ಬಳು ಮೂಲೆಗೆ ಕುಸಿದು ಅತ್ತಳು. ಖೋಲಿಯ ಹೆಂಗಸರೆಲ್ಲ ಅವಳೊಂದಿಗೆ ಅತ್ತರು.

ಕೆರೆ ನೀರಿನ ಪಾಳಿ ಹಂಚುವ ಹಿರಿಯರು ಕೈ ಎತ್ತಿದರು. "ಮಾಸ್ತರ, ಹಿಂದಕ್ಕ ತಿರಗಸ್ರಿ. ಇಬ್ಬರ ಕುಣಿತಾನೂ ಇನ್ನೊಮ್ಮೆ ನೋಡೂಣು."

ತಿರುಗಿಸಿದೆ. ಮೀಸೆ ಸವರಿಕೊಳ್ಳುತ್ತ ನೋಡಿ ತೀರ್ಪು ಕೊಟ್ಟರು. "ಒಂದ ವರ್ಷ ಆಕಿ ಕುಣೀಲಿ, ಒಂದ ವರ್ಷ ಈಕಿ. ಜಗಳ ಹರೀತು."

ಊರೆಲ್ಲ ಒಪ್ಪಿತು. ಪಿಚ್ಚರು ಮಾತ್ರ ಒಪ್ಪದೆ ಮುಂದಕ್ಕೆ ಓಡಿತು.

ಆಮೇಲೆ

ಕೊನೆಗೆ ಗೆದ್ದ ಹುಡುಗಿ ಕುಣಿದು ಮುಗಿಸಿ ಬೂಟು ಬಿಚ್ಚಿದಳು. ಬೆರಳೆಲ್ಲ ರಕ್ತ. ಟೀವಿ ಆರಿಸಿದ್ದೇ ನನ್ನ ವಿದ್ಯಾರ್ಥಿನಿಯ ಅಪ್ಪ ಎದ್ದು ನಿಂತರು.

"ನೋಡಿದ್ನಿ ಮಾಸ್ತರ. ಹಾಸ್ಟೆಲ್ ಅಂದ್ರ ಇದಾ? ಕಾಲಾಗ ರಕ್ತ, ಹೊಟ್ಟಿಗೆ ಎರಡು ಎಲಿ ಸೊಪ್ಪು, ಮುಂಜಾನಿಂದ ಸಂಜಿತನಾ ಬೈಗುಳ! ನನ್ನ ಮಗಳು ಹೋಗಂಗಿಲ್ಲ."

"ಧಾರವಾಡದಾಗ ಹಿಂಗಿಲ್ರೀ, ಅಲ್ಲಿ ಬರೇ ಪುಸ್ತಕ..." ಎಂದು ತೊದಲಿದೆ. ಯಾರು ಕೇಳುತ್ತಾರೆ? ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ನನಗೆ ಅಳುವೇ ಬಂತು. ಒಂದು ಕ್ಯಾಸೆಟ್ಟಿನಿಂದ ಆ ಮಗುವಿನ ಬಾಳನ್ನೇ ಹಾಳು ಮಾಡಿದೆನಲ್ಲ ಎನಿಸಿತು.

ಆಗ ಹೆಂಗಸರ ಸಾಲಿನಿಂದ ಒಂದು ದನಿ ಎದ್ದಿತು. ಹುಡುಗಿಯ ಅವ್ವ. ಆಕೆ ಹತ್ತು ಜನರ ನಡುವೆ ಬಾಯಿ ತೆರೆದದ್ದನ್ನು ಊರು ಎಂದೂ ಕೇಳಿರಲಿಲ್ಲ.

"ಕಾಲಾಗ ರಕ್ತ ನೋಡಿ ಅಂಜಿದ್ರೇನು? ಭತ್ತದಾಗ ಕಸಾ ತಗದು ನನ್ನ ಬೆರಳಸಂದಿ ಕೊಳೀತಾವು, ಒಂದಿನಾರ ನೋಡೀರೇನು? ಹೊಟ್ಟಿಗಿಲ್ಲ ಅಂತೀರಿ, ನೀವೆಲ್ಲಾ ಉಂಡ ಮ್ಯಾಲೆ ಬುಟ್ಟ್ಯಾಗ ಎಷ್ಟು ರೊಟ್ಟಿ ಉಳೀತಾವು? ಇನ್ನ ಬೈಗುಳಾ..." ಎಂದು ತನ್ನ ಅತ್ತೆ ಆಯಿಯ ಕಡೆ ನೋಡಿ, ಸೆರಗು ಸರಿಮಾಡಿಕೊಂಡಳು. "ಅದೆಲ್ಲಾ ನಮ್ಮ ಮನ್ಯಾಗೂ ಐತಿ. ಅಲ್ಲಿ ಕಡೀಕ ಮಂದಿ ಚಪ್ಪಾಳಿ ಆದ್ರೂ ಹೊಡೀತಾರ."

ಆಯಿ ಕೌದಿಯ ಹೊಲಿಗೆ ನೋಡುತ್ತ ಕೂತಳು. ಹುಡುಗಿಯ ಅಪ್ಪ ಚಪ್ಪಲಿ ಹುಡುಕಿಕೊಂಡು ಮನೆಯತ್ತ ನಡೆದರು.

ಸೋಮವಾರ ಮುಂಜಾನೆ ಮೊದಲ ಬಸ್ಸಿಗೆ ಅವರು ಟ್ರಂಕು ಹೊತ್ತು ಮಗಳ ಜೊತೆ ನಿಂತಿದ್ದರು. ನನ್ನನ್ನು ಬದಿಗೆ ಕರೆದರು. ಹಾಸ್ಟೆಲ್ಲಿನ ಊಟದ ಬಗ್ಗೆ ಕೇಳುತ್ತಾರೆ ಅಂದುಕೊಂಡೆ. ಅವರು ಸುತ್ತ ಮುತ್ತ ನೋಡಿ ಮೆಲ್ಲಗೆ ಹೇಳಿದರು:

"ಮಾಸ್ತರ, ಮಗಳನ್ನ ಎಷ್ಟಾರ ಓದಸ್ರಿ. ನಮ್ಮ ಮನ್ಯಾಕಿಗೆ ಮಾತ್ರ ಇನ್ನೊಂದು ಪಿಚ್ಚರ್ ತೋರಸಬ್ಯಾಡ್ರಿ."