ಷಡ್ಡಕನ ಫಿರಂಗಿ

ನನ್ನ ಷಡ್ಡಕನ ಕೈಗೆ ನೀವು ಮನೆಯ ಬೀಗದ ಕೈ ಕೊಡಬಹುದು, ಅಳುವ ಮಗುವನ್ನು ಕೊಡಬಹುದು, ಅಂಚಿನವರೆಗೆ ತುಂಬಿದ ಸಾರಿನ ಪಾತ್ರೆಯನ್ನೂ ಕೊಡಬಹುದು. ಟೀವಿಯ ರಿಮೋಟನ್ನು ಮಾತ್ರ ಕೊಡಬೇಡಿ! ಕೊಟ್ಟಿರೋ, ಆವತ್ತು ನಿಮ್ಮ ಮನೆಯಲ್ಲಿ ಯಾರೂ ಕೂತು ಚಾನೆಲ್ ಬದಲಿಸುವಂತಿಲ್ಲ. ಒತ್ತುವವರು ಎದ್ದು ನಿಲ್ಲಬೇಕು. ಒತ್ತಿದ ಮೇಲೆ ಸ್ವಲ್ಪ ಹೊತ್ತು ರಿಮೋಟನ್ನು ಕೆಳಗಿಟ್ಟು ಸುಮ್ಮನಿರಬೇಕು.

"ಕೂತಲ್ಲೇ ಕೂತ್ಕೊಂಡು ದೂರದಿಂದ ಕೆಲಸ ಮುಗಿಸೋರು ಏನಾದ್ರೂ ಕಳ್ಕೋಬೇಕಲ್ವಾ ಅಣ್ಣಾ? ಇಲ್ದಿದ್ರೆ ನ್ಯಾಯ ಎಲ್ಲಿ ಉಳೀತು?" ಎನ್ನುತ್ತಾನೆ.

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ವಾಸ ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ. (ಮದುವೆ ಮನೆಗಳಲ್ಲಿ ನಮ್ಮ ಅತ್ತೆ "ಚಿಕ್ಕ ಅಳಿಯಂದ್ರು ಸಿಂಗಾಪುರದಲ್ಲಿದಾರೆ" ಎಂದಷ್ಟೇ ಹೇಳುತ್ತಾರೆ. ಹೆಚ್ಚಿನ ವಿವರ ಕೇಳಿದವರಿಗೆ ಮಾತ್ರ ಕೊಡುತ್ತಾರೆ.) ಕೆಲಸ ಹೆಬ್ಬಾಳದ ಹತ್ತಿರದ ಒಂದು ಸಣ್ಣ ವಿಡಿಯೋ ಗೇಮ್ ಕಂಪನಿಯಲ್ಲಿ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿರುವವನು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ನಂಬುವುದಿಲ್ಲ. ಹಾಗಾಗಿ ಇವನ ಕೆಲಸವೇನೆಂದು ಮೊದಲು ನಾದಿನಿಯನ್ನು ಕೇಳಿದೆ.

"ರೋಬೋಟ್‌ಗಳ ಜಗಳ ಬಿಡಿಸ್ತಾರೆ ಭಾವ" ಎಂದಳು.

ಅವನನ್ನು ಕೇಳಿದರೆ, "ಬಿಡಿಸಲ್ಲ ಅಣ್ಣಾ. ಜಗಳ ಸಮವಾಗಿ ನಡೆಯೋ ಹಾಗೆ ನೋಡ್ಕೋತೀನಿ" ಎಂದ.

ಎರಡೂ ಸರಿಯೇ. ಅವರ ಆಟದಲ್ಲಿ ನಾಲ್ಕು ಮಹಡಿ ಎತ್ತರದ ಯಂತ್ರಮಾನವರು ಎರಡು ಗುಂಪಾಗಿ ಹೊಡೆದಾಡುತ್ತಾರೆ. ಒಂದೊಂದು ಯಂತ್ರವನ್ನು ಎಲ್ಲೋ ಕೂತ ಒಬ್ಬೊಬ್ಬ ಮನುಷ್ಯ ಆಡಿಸುತ್ತಾನೆ. ಕೆಲವರ ಕೈಯಲ್ಲಿ ಕತ್ತಿ. ಹತ್ತಿರ ಹೋಗದೆ ಹೊಡೆಯಲಾಗದು. ಕೆಲವರ ಭುಜದ ಮೇಲೆ ಫಿರಂಗಿ. ಗುಡ್ಡದ ಮೇಲೆ ನಿಂತು ಆಚೆ ತುದಿಯವನನ್ನೂ ಉರುಳಿಸಬಹುದು. ಕತ್ತಿಯವನಿಗೂ ಫಿರಂಗಿಯವನಿಗೂ ಗೆಲ್ಲುವ ಅವಕಾಶ ಸಮನಾಗಿರಬೇಕು. ಅದನ್ನು ತೂಗುವುದು ನಮ್ಮ ಷಡ್ಡಕನ ಹೊಟ್ಟೆಪಾಡು. ತೂಗಿ ತೂಗಿ ಈಗ ಲೋಕದಲ್ಲಿ ಏನನ್ನು ಕಂಡರೂ ತೂಗುತ್ತಾನೆ.

ಮತ್ತಿಕೆರೆಯಲ್ಲಿರುವ ನಮ್ಮ ಮಾವನ ಮನೆಯ ಎದುರು ಮೂರನೇ ಮಹಡಿಯಲ್ಲಿ ಒಬ್ಬ ಹೆಂಗಸಿದ್ದಾರೆ. ಬೀದಿಯಲ್ಲಿ ಯಾರು ಸ್ಕೂಟರ್ ನಿಲ್ಲಿಸಿದರೂ ಬಾಲ್ಕನಿಯಿಂದಲೇ ಬೈಗುಳ ಇಳಿಸುತ್ತಾರೆ. ನಾವೆಲ್ಲ ತಲೆ ತಗ್ಗಿಸಿ ಗೇಟಿನೊಳಗೆ ಓಡುತ್ತೇವೆ. ಇವನು ಓಡುವುದಿಲ್ಲ! ಹೆಲ್ಮೆಟ್ ತೆಗೆಯದೆ ಬೀದಿಯ ಮಧ್ಯೆ ನಿಂತು ಮೇಲೆ ನೋಡುತ್ತಾನೆ.

"ನೋಡಿ ಅಣ್ಣಾ. ಗುಂಡು ಮುಗಿಯಲ್ಲ, ಬಾಯಿ ಬಿಸಿಯಾಗಲ್ಲ, ನಾವು ಮೆಟ್ಟಿಲು ಹತ್ತಿ ಹೋಗೋಷ್ಟರಲ್ಲಿ ಬಾಗಿಲು ಹಾಕ್ಕೋತಾರೆ. ಇಂಥ ಆಯುಧನ ನಾನು ಆಟದಲ್ಲಿ ಇಟ್ರೆ ನನ್ನ ಕೆಲಸದಿಂದ ತೆಗೀತಾರೆ!"

ಮೇಲಿನಿಂದ ಉತ್ತರ ಬಂತು: "ಏನ್ ನೋಡ್ತೀಯೋ ಮೇಲೆ? ಗಾಡಿ ತೆಗಿ ಮೊದ್ಲು!"

"ಗುರಿ ಕೂಡ ತಪ್ಪಲ್ಲ" ಎಂದು ಅಭಿಮಾನದಿಂದ ತಲೆದೂಗಿದ.

ಅಂಥವನು ಇತ್ತೀಚೆಗೆ ನಗುವುದನ್ನು ನಿಲ್ಲಿಸಿದ್ದ. ಕಾರಣ, ಅವನೇ ತೂಗಿಕೊಟ್ಟ ಫಿರಂಗಿ. ಆಟ ಹೊರಗೆ ಬಂದ ಮೇಲೆ ಜನರೆಲ್ಲ ಕತ್ತಿ ಬಿಸಾಕಿ ಫಿರಂಗಿ ಹಿಡಿದರು. ಈ ಗುಡ್ಡದ ಮೇಲೊಂದು ಸಾಲು, ಆ ಗುಡ್ಡದ ಮೇಲೊಂದು ಸಾಲು. ನಡುವಿನ ಬಯಲಿನಲ್ಲಿ ನರಪಿಳ್ಳೆಯಿಲ್ಲ! ಆಸೆಪಟ್ಟು ಕತ್ತಿ ಹಿಡಿದು ಬಂದ ಹೊಸಬರು ನಾಲ್ಕು ಹೆಜ್ಜೆ ಇಡುವ ಮೊದಲೇ ಚೂರಾಗುತ್ತಿದ್ದರು. ಚೂರಾದವರು ಮತ್ತೆ ಬರುತ್ತಿರಲಿಲ್ಲ. ಬಾಸ್ ಇವನನ್ನು ಕರೆದು ಒಂದೇ ಮಾತು ಹೇಳಿದ್ದರು. ಮುಂದಿನ ಅಪ್‌ಡೇಟಿನಲ್ಲಿ ಇದು ಸರಿಹೋಗಬೇಕು. ಇಲ್ಲದಿದ್ದರೆ ಆಟ ಮುಚ್ಚುತ್ತೇವೆ, ತಂಡದವರೆಲ್ಲ ಬೇರೆ ಕೆಲಸ ನೋಡಿಕೊಳ್ಳಿ.

ಅಲ್ಲಿಂದ ಶುರುವಾಯಿತು ನೋಡಿ. ಇವನ ಆತಂಕ ಇವನಲ್ಲೇ ಇರುವ ಜಾತಿಯದಲ್ಲ, ಮನೆಮಂದಿಗೆಲ್ಲ ಹರಡುವಂಥದು. ಪುಟ ಕಟ್ಟುವ ಹೊತ್ತಿಗೆ ಸರಿಯಾಗಿ ನನಗೆ ಫೋನು.

"ಗುಂಡಿನ ವೇಗ ಕಮ್ಮಿ ಮಾಡ್ದೆ ಅಣ್ಣಾ."

"ಏನಾಯ್ತು?"

"ಮುಂಚೆನೇ ಲೆಕ್ಕ ಹಾಕಿ ಹೊಡೀತಿದಾರೆ."

ಮರುದಿನ ಮತ್ತೆ. "ಫಿರಂಗಿ ಬೇಗ ಬಿಸಿಯಾಗೋ ಹಾಗೆ ಮಾಡ್ದೆ."

"ಈಗ?"

"ಪಾಳಿ ಮಾಡ್ಕೊಂಡಿದಾರೆ. ಒಬ್ಬನದು ಆರೋವರೆಗೆ ಇನ್ನೊಬ್ಬ!"

ಪೆಟ್ಟಿನ ಬಲ ತಗ್ಗಿಸಿದರೆ ಫಿರಂಗಿಪ್ರಿಯರು ಕೋಪಗೊಂಡು ಇಂಟರ್ನೆಟ್ಟಿನಲ್ಲಿ ಅವನ ವಂಶವನ್ನೆಲ್ಲ ಜಾಲಾಡಿದರು. ಅದನ್ನೂ ನನಗೆ ಫೋನಿನಲ್ಲಿ ಓದಿ ಹೇಳಿದ. "ನೋಡಿ, ಬೈಯೋದನ್ನೂ ದೂರದಿಂದ್ಲೇ ಬೈತಾರೆ!" ಊಟ ಅರ್ಧಕ್ಕೆ ಬಿಡುವುದು, ನಿದ್ದೆಯಿಲ್ಲದೆ ಹಜಾರದಲ್ಲಿ ತಿರುಗುವುದು ಶುರುವಾಯಿತು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸಿಕ್ಕಿಕೊಂಡಾಗ ಉಳಿದವರು ಹಾರ್ನ್ ಮಾಡುತ್ತಾರೆ; ಇವನು ಮುಂದಿನ ಕಂಬಕ್ಕೂ ತನಗೂ ಇರುವ ದೂರ ಅಂದಾಜು ಮಾಡುತ್ತಾ, ಅಷ್ಟು ದೂರವನ್ನು ಕತ್ತಿ ಹಿಡಿದು ದಾಟುವುದು ಹೇಗೆಂದು ಬೆವರುತ್ತಾನೆ. ಮುಂದಿನ ಗಾಡಿ ಹೊರಟಿದ್ದೇ ಗೊತ್ತಾಗದೆ ನಿಂತು ಹಿಂದಿನವರಿಂದ ಬೈಸಿಕೊಂಡದ್ದೂ ಉಂಟು. ನಾದಿನಿ ನನ್ನ ಹೆಂಡತಿಯ ಬಳಿ ಅತ್ತಳಂತೆ. ಸುದ್ದಿಮನೆಯಲ್ಲಿ ಭೂಕಂಪವಾದರೂ ಕೈ ನಡುಗದೆ ಶೀರ್ಷಿಕೆ ಕೊಡುವ ನಾನು, ಫೋನು ಗುಂಯ್‌ಗುಟ್ಟಿದರೆ ಬೆಚ್ಚಿಬೀಳತೊಡಗಿದೆ.

ಕೊನೆಗೆ ಒಂದು ಭಾನುವಾರ ಅವನು ಎರಡು ಲ್ಯಾಪ್‌ಟಾಪ್ ಹೊತ್ತು ಮತ್ತಿಕೆರೆಗೆ ಬಂದ. ಜನ್ಮದಲ್ಲಿ ಇಂಥ ಆಟ ಆಡದವರು ಹೇಗೆ ಆಡುತ್ತಾರೆಂದು ನೋಡಬೇಕಂತೆ. ಸಿಕ್ಕಿದವರು ನಾನು ಮತ್ತು ಮಾವ.

ಮಾವನ ವಿಷಯ ಒಂದು ಮಾತು ಹೇಳಬೇಕು. ಕಾಲೇಜೊಂದರ ಗ್ರಂಥಾಲಯದಲ್ಲಿ ದುಡಿದು ನಿವೃತ್ತರಾದವರು. ದನಿ ಎತ್ತಿದ್ದನ್ನು ಕಂಡವರಿಲ್ಲ. ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾರೆ, ಅದು ಅವರದೇ ಮನೆಯ ಗೋಡೆಯಾದರೂ! ಅಳಿಯಂದಿರ ಮುಂದೆ ಕಾಲು ಚಾಚಿ ಕೂರುವುದಿಲ್ಲ. ನಮ್ಮನ್ನು ಮುಟ್ಟಿ ಮಾತಾಡಿಸಿದ್ದು, ಧಾರೆಯ ದಿನ ಬಿಟ್ಟರೆ, ನನಗೆ ನೆನಪಿಲ್ಲ. ಅಳಿಯ ಆಡಿ ಎಂದ ಮೇಲೆ ಒಲ್ಲೆ ಎನ್ನಲು ಅವರಿಗೆ ಸಂಕೋಚ. ಹಾಗಾಗಿ ಆಡಲು ಕೂತರು.

ಹಜಾರದಲ್ಲಿ ಎದುರುಬದುರು ಕೂತೆವು. ಮಾವನ ಯಂತ್ರ ಫಿರಂಗಿ ಹೊತ್ತು ಗುಡ್ಡದ ನೆತ್ತಿಯಲ್ಲಿ. ನನ್ನದು ಕತ್ತಿ ಹಿಡಿದು ಕೆಳಗಿನ ಬಯಲಿನಲ್ಲಿ. ಮರೆಯಿಲ್ಲ, ಮರವಿಲ್ಲ. ಹೊಡೆದರೆ ನಾನು ಮುಗಿದಂತೆ. ಮಾವ ಹೊಡೆಯಲಿಲ್ಲ. ಮೆಲ್ಲಗೆ ಗುಡ್ಡ ಇಳಿದು ಬಂದು ನನ್ನ ಯಂತ್ರದ ಪಕ್ಕ ನಿಂತುಕೊಂಡರು. ಬಸ್ಸಿಗೆ ಕಾಯುವವರ ಹಾಗೆ!

"ಹೊಡೀರಿ ಮಾವ!" ಷಡ್ಡಕ ಕೂಗಿದ.

"ಎದುರಿಗೇ ಕೂತಿದಾರಲ್ರೀ ದೊಡ್ಡ ಅಳಿಯಂದ್ರು. ಹೇಗೆ ಹೊಡೆಯೋದು? ಚೆನ್ನಾಗಿರಲ್ಲ."

ಅಷ್ಟರಲ್ಲಿ ಅತ್ತೆಯ ಭಜನಾ ಮಂಡಳಿಯವರು ಹಾರ್ಮೋನಿಯಂ ಸಮೇತ ಬಂದರು. ಹಜಾರ ಅವರದಾಯಿತು. ಮಾವ ಲ್ಯಾಪ್‌ಟಾಪ್ ಎತ್ತಿಕೊಂಡು ಒಳಕೋಣೆಗೆ ಹೋದರು. ನಾವಿಬ್ಬರು ಇನ್ನೊಂದನ್ನು ಹಿಡಿದು ಜಗಲಿಗೆ ಬಂದೆವು. ಆಟ ಮುಂದುವರಿಯಿತು.

ಎರಡು ಹೆಜ್ಜೆ ಇಟ್ಟೆ. ಢಮಾರ್! ಮತ್ತೆ ಎದ್ದೆ. ಒಂದು ಹೆಜ್ಜೆ. ಢಮಾರ್! ಮೂರನೇ ಸಲ ಹೆಜ್ಜೆಯನ್ನೇ ಇಡದೆ ಬಂಡೆಯ ಹಿಂದೆ ಕುಕ್ಕರಿಸಿದೆ. ಬಂಡೆಯಿಂದಾಚೆ ಇಣುಕಿದ್ದ ಮೊಣಕೈಗೇ ಗುಂಡು ಬಂದು ಬಡಿಯಿತು. ಆಟದೊಳಗೆ ಯಾರೋ ಹೊರಗಿನ ಕಟುಕ ನುಗ್ಗಿದ್ದಾನೆಂದುಕೊಂಡು ಇಬ್ಬರೂ ಒಳಕೋಣೆಗೆ ಓಡಿದೆವು. ನೋಡಿದರೆ, ಮಾವ! ಕನ್ನಡಕ ಹಣೆಗೇರಿದೆ, ನಾಲಿಗೆ ಹಲ್ಲಿನ ನಡುವೆ ಸಿಕ್ಕಿದೆ, ಮುಖದಲ್ಲಿ ನಾನು ಈ ಜನ್ಮದಲ್ಲಿ ಕಾಣದ ಹೊಳಪು!

"ಮಾವ, ಅದು ನಾನು!" ಎಂದೆ.

ಮಾವ ಕನ್ನಡಕ ಇಳಿಸಿಕೊಂಡು ನಾಚಿದರು. "ಗೊತ್ತು ಕಣ್ರೀ. ಆದ್ರೆ ಇಲ್ಲಿಂದ ನೀವು ಕಾಣಿಸಲ್ವಲ್ಲ."

ಷಡ್ಡಕ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟ. ಹಜಾರದಲ್ಲಿ ಭಜನೆ ತಾರಕಕ್ಕೇರಿತ್ತು. ಇವನಿಗೆ ಅದೊಂದೂ ಕೇಳಿಸುತ್ತಿರಲಿಲ್ಲ.

"ಅಣ್ಣಾ, ನಾವು ಆಫೀಸಲ್ಲಿ ಆಡಿ ನೋಡುವಾಗ ಎಲ್ರಿಗೂ ಒಂದೇ ಮೇಜು" ಎಂದ ನಿಧಾನವಾಗಿ. "ಒಂದೇ ತಟ್ಟೆಯಿಂದ ಬೋಂಡಾ ತಿಂತೀವಿ. ಗುಡ್ಡದ ಮೇಲಿಂದ ಹೊಡೆದ್ರೆ ಪಕ್ಕದವನು ತಲೆಗೆ ಮೊಟಕ್ತಾನೆ, 'ಥೂ ಮಗಾ, ಕೆಳಗಿಳಿದು ಬಾರೋ' ಅಂತಾನೆ. ಅದಕ್ಕೇ ಯಾರೂ ಮೇಲೆ ನಿಲ್ತಿರ್ಲಿಲ್ಲ. ನಾನು ಫಿರಂಗಿ ಸರಿಯಾಗಿದೆ ಅಂತ ಬರ್ಕೊಟ್ಟೆ. ಸರಿಯಾಗಿದ್ದಿದ್ದು ಫಿರಂಗಿ ಅಲ್ಲ. ದಾಕ್ಷಿಣ್ಯ!"

ದಾಕ್ಷಿಣ್ಯವನ್ನು ಕಂಪ್ಯೂಟರಿನೊಳಗೆ ತುರುಕುವುದು ಹೇಗೆ? ಅವನ ತಂಡ ಊಟ ತಿಂಡಿ ಬಿಟ್ಟು ಅದನ್ನೇ ಮಾಡಿತು. ಹೊಸ ಏರ್ಪಾಟು ಹೀಗಿತ್ತು: ಫಿರಂಗಿಯವನು ಗುರಿ ಹಿಡಿದ ಕೂಡಲೇ ಅವನ ಕಾಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಓಡುವಂತಿಲ್ಲ. ಅವನಿಂದ ಎದುರಾಳಿಯವರೆಗೆ ಒಂದು ಕೆಂಪು ಗೆರೆ ಬೆಳಗುತ್ತದೆ. ಇವನ ಪರದೆಯಲ್ಲಿ ಅವನ ಹೆಸರು, ಅವನ ಪರದೆಯಲ್ಲಿ ಇವನ ಹೆಸರು. ಹೊಡೆಯುವುದಿದ್ದರೆ ಪರಿಚಯ ಮಾಡಿಕೊಂಡೇ ಹೊಡೆಯಬೇಕು!

"ಇದ್ರಿಂದ ಆಗುತ್ತಾ?" ಎಂದು ಕೇಳಿದೆ.

"ಗೊತ್ತಿಲ್ಲ ಅಣ್ಣಾ. ಹೆಸರು ಗೊತ್ತಾದ ಮೇಲೆ ಇನ್ನೂ ಖುಷಿಯಾಗಿ ಹೊಡೆಯೋರೂ ಇರ್ತಾರೆ" ಎಂದ. ಆ ಮಾತು ನನಗೂ ಭಯ ಹುಟ್ಟಿಸಿತು. ನಾನು ಜನರ ಸುದ್ದಿಯನ್ನೇ ದಿನವೂ ತಿದ್ದುವವನಲ್ಲವೇ?

ಅಪ್‌ಡೇಟ್ ಹೊರಬಂತು. ಜನ ಉಳಿಯುತ್ತಾರೋ ಹೋಗುತ್ತಾರೋ ನೋಡಿ ಭಾನುವಾರ ಮಧ್ಯಾಹ್ನ ತೀರ್ಮಾನ ತಿಳಿಸುವುದಾಗಿ ಬಾಸ್ ಹೇಳಿದ್ದರು. ಆ ಭಾನುವಾರ ಎಲ್ಲರೂ ಮತ್ತಿಕೆರೆಯಲ್ಲೇ ಸೇರಿದ್ದೆವು. ಅತ್ತೆ ಅವರೆಕಾಳಿನ ಸಾರು ಮಾಡಿದ್ದರು. ಇವನು ಮುದ್ದೆ ಮುರಿದು ಮುರಿದು ತಟ್ಟೆಯಲ್ಲಿ ಗುಡ್ಡ ಕಟ್ಟಿದನೇ ಹೊರತು ನುಂಗಲಿಲ್ಲ. ಊಟವಾದ ಮೇಲೆ ತನ್ನ ಫೋನನ್ನು ನನ್ನ ಕೈಗಿಟ್ಟ.

"ನೀವೇ ಮಾತಾಡಿ ಅಣ್ಣಾ. ನಿಮಗೆ ಕೆಟ್ಟ ಸುದ್ದಿ ಕೇಳಿ ಅಭ್ಯಾಸ ಇದೆ."

ಮಾವ ಆಗಲೇ ಸೋಫಾದಲ್ಲಿ ಕೂತು ಆಡುತ್ತಿದ್ದರು. ಅವರಿಗೆ ಈಗ ಚಟ ಹತ್ತಿತ್ತು! ಷಡ್ಡಕ ನೆಲದ ಮೇಲೆ ಅವರ ಕಾಲ ಬಳಿ ಕೂತು ಪರದೆಯನ್ನೇ ನೋಡತೊಡಗಿದ. ಮಾವ ಗುಡ್ಡದ ಮೇಲಿಂದ ಯಾರಿಗೋ ಗುರಿಯಿಟ್ಟರು. ಕೆಂಪು ಗೆರೆ ಬೆಳಗಿತು, ಪರದೆಯಲ್ಲಿ ಒಂದು ಹೆಸರು ಮೂಡಿತು. ಅಪರಿಚಿತರ ಹೆಸರು. ಮಾವ ಓದಿದರು. ಇನ್ನೊಮ್ಮೆ ಓದಿದರು.

"ಹೊಡೀತೀರಾ ಮಾವ?" ಇವನು ಪರದೆಯತ್ತ ಇನ್ನಷ್ಟು ಬಗ್ಗಿದ.

"ತಡೀರಿ. ಹೆಸರು ಬೇರೆ ಹೇಳ್ಬಿಟ್ಟಿದಾರೆ..." ಎಂದು ಗೊಣಗುತ್ತಾ ಮಾವ ಗುರಿ ಬಿಟ್ಟು ಗುಡ್ಡ ಇಳಿದರು. ಆಚೆ ಗುಡ್ಡದಿಂದಲೂ ಒಬ್ಬರು ಇಳಿಯುತ್ತಿದ್ದರು. ಎಲ್ಲರೂ ಇಳಿಯಲಿಲ್ಲ. ಕೆಲವರು ಮೇಲಿಂದಲೇ ಹೊಡೆಯುತ್ತಿದ್ದರು. ಆದರೆ ನಡುವಿನ ಬಯಲಿನಲ್ಲಿ ಓಡಾಟ ಶುರುವಾಗಿತ್ತು. ಇಷ್ಟು ಸಾಕಾ, ಸಾಲದಾ? ನಮಗೆ ಹೇಗೆ ಗೊತ್ತಾಗಬೇಕು?

ಕೈಯಲ್ಲಿದ್ದ ಫೋನು ಅದುರಿತು. ನಾನು ಜಗಲಿಗೆ ಬಂದೆ. ಬಾಸ್ ಅವಸರದ ಮನುಷ್ಯ. ಕತ್ತಿಯವರು ವಾಪಸ್ ಬರುತ್ತಿದ್ದಾರೆ, ಆಟ ಮುಚ್ಚುವುದಿಲ್ಲ, ಅವನಿಗೆ ಹೇಳಿಬಿಡಿ ಎಂದು ಫೋನಿಟ್ಟರು. ಖಚಿತಪಡಿಸಿಕೊಳ್ಳಲು ಮತ್ತೆ ನಾನೇ ಫೋನು ಮಾಡಿ ಕೇಳಿದೆ. ಹೌದು, ಮುಚ್ಚುವುದಿಲ್ಲ!

ಕೂಗಿಕೊಂಡೇ ಒಳಗೆ ನುಗ್ಗಿದವನು ಬಾಗಿಲಲ್ಲೇ ನಿಂತೆ. ಮಾವ ನನ್ನತ್ತ ತಿರುಗದೆ ಒಂದು ಬೆರಳೆತ್ತಿ ತುಟಿಗಿಟ್ಟಿದ್ದರು. ಷಡ್ಡಕ ಅವರ ಮಂಡಿಯ ಮೇಲೆ ತಲೆಯಿಟ್ಟು, ಬಾಯಿ ತೆರೆದು ನಿದ್ದೆ ಹೋಗಿದ್ದ. ಪರದೆಯಲ್ಲಿ ಮಾವನ ಯಂತ್ರ ಬಯಲಿನ ನಡುವೆ ಅಲುಗಾಡದೆ ನಿಂತಿತ್ತು. ಅದರ ಮೇಲೆ ಒಂದಲ್ಲ, ಮೂರು ಕೆಂಪು ಗೆರೆ.

"ಮಾವ, ಹೊಡೀತಿದಾರೆ" ಎಂದು ಪಿಸುಗುಟ್ಟಿದೆ.

"ಹೊಡ್ಕೊಳ್ಲಿ ಬಿಡಿ. ನಾನು ಅಲ್ಲಾಡಿದ್ರೆ ಇವ್ರಿಗೆ ಎಚ್ಚರ ಆಗುತ್ತೆ." ಆಮೇಲೆ ನನ್ನ ಮುಖ ನೋಡಿದರು. "ಸುದ್ದಿ ಒಳ್ಳೇದಾ?"

"ಒಳ್ಳೇದು."

"ಹಾಗಿದ್ರೆ ಅವಸರ ಏನಿದೆ? ಎದ್ದ ಮೇಲೆ ಹೇಳೋಣ" ಎಂದರು ಮಾವ. ಯಂತ್ರ ಮೊದಲು ಮಂಡಿಯೂರಿತು, ನಂತರ ಬಿತ್ತು. ಮಾವ ಅದನ್ನು ನೋಡಲಿಲ್ಲ. ಸ್ವಲ್ಪ ಹೊತ್ತು ಹಿಂಜರಿದು, ಒಂದು ಕೈಯನ್ನು ಮೆಲ್ಲಗೆ ಅವನ ತಲೆಯ ಮೇಲಿಟ್ಟು, ಹಾಗೆಯೇ ಕೂತರು.